ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್

ಸರ್ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ (13 ಆಗಸ್ಟ್ 1819 – 1 ಫೆಬ್ರವರಿ 1903) ಐರ್ಲೆಂಡಿನಲ್ಲಿ ಜನಿಸಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಬಾಳಿದ ಗಣಿತಜ್ಞ ಹಾಗೂ ಭೌತವಿಜ್ಞಾನಿ. ದ್ರವಗಳ ಚಲನೆ, ಬೆಳಕಿನ ಸ್ವರೂಪ ಮತ್ತು ಗಣಿತ ವಿಶ್ಲೇಷಣೆ ಈ ಮೂರು ಕ್ಷೇತ್ರಗಳಲ್ಲಿಯೂ ಇವರ ಹೆಸರು ಸ್ಥಿರವಾಗಿ ನಿಂತಿದೆ. ಕೆಲವು ವಸ್ತುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುವ ವಿದ್ಯಮಾನವನ್ನು 1852ರಲ್ಲಿ ವಿವರಿಸಿ, ಅದಕ್ಕೆ ಫ್ಲೂರೆಸೆನ್ಸ್ ಎಂಬ ಹೆಸರನ್ನಿಟ್ಟವರು ಇವರೇ. ಕನ್ನಡದಲ್ಲಿ ಇದಕ್ಕೆ ಪ್ರತಿದೀಪ್ತಿ ಎಂಬ ಪದ ಬಳಕೆಯಲ್ಲಿದೆ. ಎಲೆಗಳಲ್ಲಿಯೂ ಕಡಲಪಾಚಿಗಳಲ್ಲಿಯೂ ಇರುವ ವರ್ಣದ್ರವ್ಯಗಳನ್ನು ಅವುಗಳ ಬೆಳಕಿನ ಗುಣದಿಂದಲೇ ಬೇರ್ಪಡಿಸಿ ಗುರುತಿಸಬಹುದೆಂದು ಇವರು ತೋರಿಸಿದರು. ಸಾಗರದ ನೀರಿನಲ್ಲಿರುವ ಸಯನೋಬ್ಯಾಕ್ಟೀರಿಯಗಳನ್ನು ಅವುಗಳ ಹೊಳಪಿನ ಬಣ್ಣದಿಂದ ಪತ್ತೆಹಚ್ಚುವ ಇಂದಿನ ವಿಧಾನವು ಇದೇ ತತ್ತ್ವವನ್ನು ಆಧರಿಸಿದೆ.

ಜನನ ಮತ್ತು ಬಾಲ್ಯ

ಸ್ಟೋಕ್ಸರು ಐರ್ಲೆಂಡಿನ ಪಶ್ಚಿಮ ಭಾಗದ ಸ್ಲೈಗೋ ಪ್ರಾಂತ್ಯಕ್ಕೆ ಸೇರಿದ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅಟ್ಲಾಂಟಿಕ್ ಸಾಗರದ ತೀರಕ್ಕೆ ಹತ್ತಿರದ ಊರು ಅದು. ತಂದೆ ಗೇಬ್ರಿಯಲ್ ಸ್ಟೋಕ್ಸ್ ಆ ಊರಿನ ಚರ್ಚಿನ ಪಾದ್ರಿ. ತಾಯಿ ಎಲಿಜಬೆತ್ ಹಾಟನ್. ದಂಪತಿಗಳ ಮಕ್ಕಳಲ್ಲಿ ಜಾರ್ಜ್ ಎಲ್ಲರಿಗಿಂತ ಕಿರಿಯರು. ಅವರ ಅಣ್ಣಂದಿರು ಮೂವರೂ ಮುಂದೆ ತಂದೆಯಂತೆಯೇ ಪಾದ್ರಿಗಳಾದರು. ಮನೆಯಲ್ಲಿ ತಂದೆಯಿಂದ ಲ್ಯಾಟಿನ್ ವ್ಯಾಕರಣವನ್ನೂ, ಚರ್ಚಿನ ಗುಮಾಸ್ತರಿಂದ ಅಂಕಗಣಿತವನ್ನೂ ಬಾಲಕನು ಕಲಿತನು. ಸರಳತೆ, ದೈವಭಕ್ತಿ ಮತ್ತು ಮಿತಭಾಷಿತ್ವ ಆ ಮನೆಯ ಸಂಸ್ಕಾರವಾಗಿದ್ದವು. ಇವು ಸ್ಟೋಕ್ಸರ ಸ್ವಭಾವದಲ್ಲಿ ಕೊನೆಯವರೆಗೂ ಉಳಿದವು.

ವಿದ್ಯಾಭ್ಯಾಸ

ಡಬ್ಲಿನ್ ನಗರದ ಶಾಲೆಯೊಂದರಲ್ಲಿ ಕೆಲಕಾಲ ಓದಿದ ಸ್ಟೋಕ್ಸರು 1835ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ರಿಸ್ಟಲ್ ಕಾಲೇಜನ್ನು ಸೇರಿದರು. 1837ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪೆಂಬ್ರೋಕ್ ಕಾಲೇಜಿಗೆ ಪ್ರವೇಶ ಪಡೆದರು. ಅಲ್ಲಿ ವಿಲಿಯಂ ಹಾಪ್ಕಿನ್ಸ್ ಎಂಬ ಹೆಸರಾಂತ ಗಣಿತ ಬೋಧಕರು ಇವರಿಗೆ ಗುರುಗಳಾದರು. 1841ರ ಪದವಿ ಪರೀಕ್ಷೆಯಲ್ಲಿ ಗಣಿತದಲ್ಲಿ ಮೊದಲ ಸ್ಥಾನ ಗಳಿಸಿ ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡರು. ಸ್ಮಿತ್ ಬಹುಮಾನದ ಪರೀಕ್ಷೆಯಲ್ಲಿಯೂ ಮೊದಲಿಗರಾದರು. ಅದೇ ವರ್ಷ ಪೆಂಬ್ರೋಕ್ ಕಾಲೇಜು ಇವರನ್ನು ಫೆಲೋ ಆಗಿ ಆರಿಸಿಕೊಂಡಿತು.

ಪ್ರಾಧ್ಯಾಪಕ ವೃತ್ತಿ

1849ರಲ್ಲಿ, ಮೂವತ್ತು ವರ್ಷ ವಯಸ್ಸಿನಲ್ಲಿ, ಸ್ಟೋಕ್ಸರು ಕೇಂಬ್ರಿಡ್ಜಿನ ಲ್ಯೂಕೇಸಿಯನ್ ಗಣಿತ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಒಂದು ಕಾಲದಲ್ಲಿ ಐಸಾಕ್ ನ್ಯೂಟನ್ ಅಲಂಕರಿಸಿದ್ದ ಪೀಠವಿದು. ಮರಣದವರೆಗೆ, ಅಂದರೆ ಐವತ್ತಮೂರು ವರ್ಷಗಳಿಗೂ ಮೀರಿ, ಸ್ಟೋಕ್ಸರು ಈ ಪೀಠದಲ್ಲಿದ್ದರು. ಹುದ್ದೆಯ ಕೀರ್ತಿ ದೊಡ್ಡದಾಗಿದ್ದರೂ ಸಂಬಳ ಸಾಲುತ್ತಿರಲಿಲ್ಲ. ಆದ್ದರಿಂದ 1850ರ ದಶಕದಲ್ಲಿ ಲಂಡನ್ನಿನ ಸರ್ಕಾರಿ ಗಣಿಶಾಸ್ತ್ರ ಶಾಲೆಯಲ್ಲಿಯೂ ಪಾಠ ಹೇಳಬೇಕಾಯಿತು.

ಸ್ಟೋಕ್ಸರು ಮಾತು ಕಡಿಮೆಯಾದ ವ್ಯಕ್ತಿ. ಆದರೆ ದೃಗ್ವಿಜ್ಞಾನ ಮತ್ತು ದ್ರವಚಲನೆಯ ಕುರಿತ ಅವರ ಉಪನ್ಯಾಸಗಳು ಸ್ಪಷ್ಟತೆಗೆ ಹೆಸರಾಗಿದ್ದವು. ತರಗತಿಯಲ್ಲಿಯೇ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮತ್ತು ಲಾರ್ಡ್ ರ‍್ಯಾಲೆ ಅವರಂತಹ ಮುಂದಿನ ತಲೆಮಾರಿನ ವಿಜ್ಞಾನಿಗಳು ಇವರ ಪಾಠಗಳನ್ನು ಕೇಳಿದವರು.

ದ್ರವಚಲನೆಯ ಅಧ್ಯಯನ

ಸ್ಟೋಕ್ಸರ ಆರಂಭದ ಸಂಶೋಧನೆಗಳು ದ್ರವಗಳನ್ನು ಕುರಿತವು. ನೀರು, ಎಣ್ಣೆ ಮೊದಲಾದ ದ್ರವಗಳು ಹರಿಯುವಾಗ ಅವುಗಳ ಪದರಗಳ ನಡುವೆ ಘರ್ಷಣೆ ಉಂಟಾಗುತ್ತದೆ. ಈ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. ಸ್ನಿಗ್ಧತೆಯುಳ್ಳ ದ್ರವದ ಚಲನೆಯನ್ನು ತಿಳಿಸುವ ಸಮೀಕರಣಗಳನ್ನು ಇವರು 1845ರಲ್ಲಿ ನಿರೂಪಿಸಿದರು. ಫ್ರಾನ್ಸಿನ ಎಂಜಿನಿಯರ್ ಕ್ಲಾಡ್ ಲೂಯಿ ನೇವಿಯರ್ ಬೇರೆ ಮಾರ್ಗದಿಂದ ಇದೇ ಸಮೀಕರಣಗಳನ್ನು ಮೊದಲೇ ತಲುಪಿದ್ದುದರಿಂದ ಇವನ್ನು ನೇವಿಯರ್–ಸ್ಟೋಕ್ಸ್ ಸಮೀಕರಣಗಳೆಂದು ಕರೆಯುತ್ತಾರೆ. ಹವಾಮಾನ ಮುನ್ಸೂಚನೆ, ವಿಮಾನದ ರೆಕ್ಕೆಯ ವಿನ್ಯಾಸ, ರಕ್ತದ ಹರಿವಿನ ಅಧ್ಯಯನ ಮುಂತಾದ ಕಡೆಗಳಲ್ಲಿ ಇವು ಇಂದಿಗೂ ಆಧಾರವಾಗಿವೆ.

ದ್ರವದೊಳಗೆ ನಿಧಾನವಾಗಿ ಬೀಳುವ ಚಿಕ್ಕ ಗೋಳಕ್ಕೆ ಎದುರಾಗುವ ತಡೆ ಎಷ್ಟೆಂಬುದನ್ನು ತಿಳಿಸುವ ಸ್ಟೋಕ್ಸ್ ನಿಯಮವು 1851ರಲ್ಲಿ ಪ್ರಕಟವಾಯಿತು. ಮೋಡದ ಸಣ್ಣ ಹನಿಗಳು ತಟ್ಟನೆ ನೆಲಕ್ಕೆ ಬೀಳದೆ ಗಾಳಿಯಲ್ಲಿ ತೇಲುತ್ತಿರುವುದೇಕೆಂಬುದನ್ನು ಈ ನಿಯಮ ವಿವರಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ರಾಬರ್ಟ್ ಮಿಲಿಕನ್ ಅವರು ಎಣ್ಣೆಯ ಹನಿಗಳ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದಾಗ ಇದೇ ನಿಯಮವನ್ನು ಬಳಸಿಕೊಂಡರು.

ಪ್ರತಿದೀಪ್ತಿಯ ಶೋಧನೆ

ಸಿಂಕೋನ ಮರದ ತೊಗಟೆಯಿಂದ ದೊರೆಯುವ ಕ್ವಿನೈನ್ ಮಲೇರಿಯ ಜ್ವರಕ್ಕೆ ಔಷಧಿಯಾಗಿ ಆ ಕಾಲದಲ್ಲಿ ಪ್ರಸಿದ್ಧವಾಗಿತ್ತು. ಕ್ವಿನೈನ್ ಸಲ್ಫೇಟಿನ ದ್ರಾವಣ ನೋಡಲು ನೀರಿನಂತೆ ತಿಳಿಯಾದುದು. ಆದರೆ ಬಿಸಿಲಿಗೆ ಹಿಡಿದಾಗ ಬೆಳಕು ಒಳಹೋಗುವ ಅಂಚಿನಲ್ಲಿ ಚೆಲುವಾದ ನೀಲಿ ಹೊಳಪು ಕಾಣಿಸುತ್ತದೆ. ಜಾನ್ ಹರ್ಷೆಲ್ ಅವರು 1845ರಲ್ಲಿ ಇದನ್ನು ವರದಿ ಮಾಡಿದ್ದರು. ಅದಕ್ಕೂ ಮೊದಲು ಡೇವಿಡ್ ಬ್ರೂಸ್ಟರ್ ಅವರು ಹಸಿರೆಲೆಯ ಆಲ್ಕೋಹಾಲ್ ಸಾರದ ಮೂಲಕ ಬಿಸಿಲಿನ ಕಿರಣವನ್ನು ಹಾಯಿಸಿ, ಹಸಿರು ದ್ರಾವಣದೊಳಗೆ ರಕ್ತದಂಥ ಕೆಂಪು ಬೆಳಕನ್ನು ಕಂಡಿದ್ದರು. ಇವೆರಡಕ್ಕೂ ಸರಿಯಾದ ಕಾರಣವನ್ನು ಯಾರೂ ಹೇಳಿರಲಿಲ್ಲ.

ಸ್ಟೋಕ್ಸರು ನಡೆಸಿದ ಪ್ರಯೋಗ ಬಹಳ ಸರಳವಾದುದು. ಕತ್ತಲೆಯ ಕೋಣೆಗೆ ಸೀಳುಗಂಡಿಯಿಂದ ಬಿಸಿಲನ್ನು ಬಿಟ್ಟುಕೊಂಡು, ಗಾಜಿನ ಪಟ್ಟಕಗಳ ಮೂಲಕ ಅದನ್ನು ಏಳು ಬಣ್ಣಗಳ ರೋಹಿತವನ್ನಾಗಿ ಹರಡಿದರು. ಬಳಿಕ ಕ್ವಿನೈನ್ ದ್ರಾವಣ ತುಂಬಿದ ನಳಿಕೆಯನ್ನು ಕೆಂಪು ತುದಿಯಿಂದ ನೇರಳೆ ತುದಿಯತ್ತ ಮೆಲ್ಲಗೆ ಸರಿಸುತ್ತ ಹೋದರು. ಕೆಂಪು, ಹಳದಿ, ಹಸಿರು ಬಣ್ಣಗಳು ಬಿದ್ದಾಗ ದ್ರಾವಣದಲ್ಲಿ ಏನೂ ವಿಶೇಷ ಕಾಣಲಿಲ್ಲ. ನೇರಳೆಯ ಬಳಿ ಬಂದಾಗ ನೀಲಿ ಹೊಳಪು ತೋರಿತು. ನೇರಳೆಯ ಆಚೆಗೆ, ಕಣ್ಣಿಗೆ ಬರಿಯ ಕತ್ತಲೆ ಎನಿಸುವ ಭಾಗದಲ್ಲಿಯೂ, ನಳಿಕೆ ಹೊಳೆಯುತ್ತಲೇ ಇತ್ತು. ಕಾಣದ ಅತಿನೇರಳೆ ಕಿರಣಗಳನ್ನು ದ್ರಾವಣವು ಹೀರಿಕೊಂಡು ಕಾಣುವ ನೀಲಿ ಬೆಳಕಾಗಿ ಮರಳಿಸುತ್ತಿದೆ ಎಂಬುದು ಇದರಿಂದ ಖಚಿತವಾಯಿತು. ಬೆಳಕಿನ ಬಣ್ಣ, ಅಂದರೆ ಅದು ವಕ್ರೀಭವನ ಹೊಂದುವ ಪ್ರಮಾಣ, ಬದಲಾಗದ ಗುಣವೆಂದು ನ್ಯೂಟನ್ನರ ಕಾಲದಿಂದ ನಂಬಲಾಗಿತ್ತು. ವಸ್ತುವೊಂದು ಬೆಳಕನ್ನು ಹೀರಿ ಮರಳಿಸುವಾಗ ಬಣ್ಣ ಬದಲಾಗುತ್ತದೆಂದು ಸ್ಟೋಕ್ಸರು ತೋರಿಸಿಕೊಟ್ಟರು.

ಹೀರಿಕೊಂಡ ಬೆಳಕಿಗಿಂತ ಹೊರಬರುವ ಬೆಳಕಿನ ತರಂಗದೂರ ಹೆಚ್ಚಾಗಿರುತ್ತದೆ ಎಂಬುದು ಇವರು ಕಂಡುಕೊಂಡ ನಿಯಮ. ಹೀರಿದ ಶಕ್ತಿಯಲ್ಲಿ ಒಂದಂಶ ವಸ್ತುವಿನೊಳಗೆ ಶಾಖವಾಗಿ ವ್ಯಯವಾಗಿ ಉಳಿದದ್ದು ಮಾತ್ರ ಬೆಳಕಾಗಿ ಹೊರಬರುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂತು. ಈ ಅಂತರವನ್ನು ಇಂದು ಸ್ಟೋಕ್ಸ್ ಪಲ್ಲಟ ಎನ್ನುತ್ತಾರೆ.

ಸುಮಾರು ನೂರು ಪುಟಗಳ ಈ ಪ್ರಬಂಧವನ್ನು ರಾಯಲ್ ಸೊಸೈಟಿ 1852ರಲ್ಲಿ ಪ್ರಕಟಿಸಿತು. ಅದರ ಒಂದು ಅಡಿಟಿಪ್ಪಣಿಯಲ್ಲಿ ಫ್ಲೂರೆಸೆನ್ಸ್ ಎಂಬ ಪದ ಮೊದಲ ಬಾರಿಗೆ ಕಾಣಿಸಿಕೊಂಡಿತು. ಓಪಲ್ ಎಂಬ ರತ್ನದ ಹೆಸರಿನಿಂದ ಓಪಲೆಸೆನ್ಸ್ ಎಂಬ ಪದ ಬಂದಿರುವಂತೆ, ಇದೇ ರೀತಿ ಹೊಳೆಯುವ ಫ್ಲೂರ್‌ಸ್ಪಾರ್ ಖನಿಜದ ಹೆಸರಿನಿಂದ ಸ್ಟೋಕ್ಸರು ಈ ಪದವನ್ನು ರೂಪಿಸಿದರು. ಅದೇ ವರ್ಷ ರಾಯಲ್ ಸೊಸೈಟಿ ಇವರಿಗೆ ರಮ್‌ಫರ್ಡ್ ಪದಕವನ್ನು ನೀಡಿತು.

ದೊಡ್ಡ ಪ್ರಯೋಗಶಾಲೆ ಸ್ಟೋಕ್ಸರಿಗೆ ಇರಲಿಲ್ಲ. ಮನೆಯ ಉಗ್ರಾಣದ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ, ಕಿಟಕಿಗೆ ಸೀಳುಗಂಡಿಯಿದ್ದ ಬಾಗಿಲನ್ನು ಜೋಡಿಸಿ, ಪಟ್ಟಕ ಮತ್ತು ಹರಳುಗಳನ್ನಿಡಲು ಒಂದು ಸಣ್ಣ ಹಲಗೆಯನ್ನು ಹೊಡೆದು, ಬಿಸಿಲಿನ ನೆರವಿನಿಂದ ಕೆಲಸ ಮಾಡುತ್ತಿದ್ದರು. ಬಣ್ಣದ ಗಾಜುಗಳ ಬಳಕೆಯಿಂದ ಪ್ರತಿದೀಪ್ತಿಯನ್ನು ಪರೀಕ್ಷಿಸುವ ವಿಧಾನವೂ ಇವರದೇ. ಕಿಟಕಿಗೆ ನೇರಳೆ ಅಥವಾ ಕಡುನೀಲಿ ಗಾಜನ್ನಿಟ್ಟು ಆ ಬೆಳಕನ್ನು ವಸ್ತುವಿನ ಮೇಲೆ ಬೀಳಿಸಬೇಕು. ಕಣ್ಣಿನ ಮುಂದೆ ಆ ನೀಲಿಯನ್ನು ಪೂರ್ಣವಾಗಿ ತಡೆಯುವ ಹಳದಿ ಗಾಜನ್ನು ಹಿಡಿಯಬೇಕು. ಆಗ ಸಾಮಾನ್ಯ ವಸ್ತುಗಳು ಕಪ್ಪಾಗಿ ಕಾಣುತ್ತವೆ. ಪ್ರತಿದೀಪ್ತಿಯುಳ್ಳ ವಸ್ತು ಮಾತ್ರ ಬೆಳಗುತ್ತದೆ. ಇಂದಿನ ಪ್ರತಿದೀಪ್ತಿ ಸೂಕ್ಷ್ಮದರ್ಶಕದೊಳಗೆ ಎರಡು ಶೋಧಕಗಳನ್ನು ಜೋಡಿಸುವುದು ಇದೇ ತತ್ತ್ವದಂತೆ.

ಎಲೆ ಮತ್ತು ಕಡಲಪಾಚಿಗಳ ವರ್ಣದ್ರವ್ಯಗಳು

ಬಣ್ಣದ ಎರಡು ದ್ರಾವಣಗಳು ಬರಿಗಣ್ಣಿಗೆ ಒಂದೇ ರೀತಿ ಕಂಡರೂ ಅವು ಬೇರೆ ಬೇರೆ ವಸ್ತುಗಳಾಗಿರಬಹುದು. ಅವು ರೋಹಿತದ ಯಾವ ಭಾಗವನ್ನು ಹೀರಿಕೊಳ್ಳುತ್ತವೆ, ಯಾವ ಬಣ್ಣದ ಬೆಳಕನ್ನು ಹೊರಸೂಸುತ್ತವೆ ಎಂಬುದನ್ನು ನೋಡಿದರೆ ಅವುಗಳ ಗುರುತು ಸಿಗುತ್ತದೆ. ಸಾವಯವ ವಸ್ತುಗಳನ್ನು ಪತ್ತೆಹಚ್ಚುವ ಈ ಕ್ರಮವನ್ನು ಕುರಿತು ಸ್ಟೋಕ್ಸರು 1864ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಉಪನ್ಯಾಸ ನೀಡಿದರು.

ಅದೇ ವರ್ಷ ಪ್ರಕಟಿಸಿದ ಒಂದು ಕಿರು ಲೇಖನದಲ್ಲಿ, ಪಿತ್ತರಸದ ಹಸಿರು ಬಣ್ಣವೂ ಎಲೆಯ ಪತ್ರಹರಿತ್ತೂ ಒಂದೇ ಎಂಬ ಅಂದಿನ ಅಭಿಪ್ರಾಯವನ್ನು ಇವರು ಅಲ್ಲಗಳೆದರು. ಜೊತೆಗೆ, ನೆಲದ ಮೇಲಿನ ಗಿಡಗಳ ಪತ್ರಹರಿತ್ತು ಒಂದೇ ವಸ್ತುವಲ್ಲ, ಎರಡು ಹಸಿರು ಮತ್ತು ಎರಡು ಹಳದಿ ದ್ರವ್ಯಗಳ ಮಿಶ್ರಣ ಎಂದು ತಿಳಿಸಿದರು. ಹಸಿರು ದ್ರವ್ಯಗಳೆರಡೂ ಕೆಂಪು ಪ್ರತಿದೀಪ್ತಿಯನ್ನು ತೋರುತ್ತವೆ, ಹಳದಿಯವು ತೋರುವುದಿಲ್ಲ ಎಂಬುದನ್ನೂ ಗಮನಿಸಿದರು.

ಇದೇ ಲೇಖನದಲ್ಲಿ ಕಡಲಪಾಚಿಗಳ ಮಾತೂ ಬರುತ್ತದೆ. ಹಸಿರು ಕಡಲಪಾಚಿಗಳಲ್ಲಿರುವ ದ್ರವ್ಯಗಳು ನೆಲದ ಗಿಡಗಳಲ್ಲಿ ಇರುವಂತಹವೇ, ಪ್ರಮಾಣ ಮಾತ್ರ ಬೇರೆ. ಕಂದು ಕಡಲಪಾಚಿಗಳಲ್ಲಿ ಒಂದು ಹಸಿರು ದ್ರವ್ಯಕ್ಕೆ ಬದಲಾಗಿ ಮೂರನೆಯ ಹಸಿರು ದ್ರವ್ಯವೂ, ಒಂದು ಹಳದಿಗೆ ಬದಲಾಗಿ ಮೂರನೆಯ ಹಳದಿ ದ್ರವ್ಯವೂ ಇವೆ. ಕೆಂಪು ಕಡಲಪಾಚಿಗಳಲ್ಲಿ ಪತ್ರಹರಿತ್ತಿನ ಜೊತೆಗೆ ಇರುವ ಕೆಂಪು ವರ್ಣದ್ರವ್ಯ ಪತ್ರಹರಿತ್ತಿಗಿಂತ ತೀರ ಭಿನ್ನವಾದುದು, ಅದು ಮೊಟ್ಟೆಯ ಬಿಳಿಯಂತಹ ಆಲ್ಬುಮಿನ್ ಜಾತಿಯ ವಸ್ತುವಾಗಿರಬೇಕು ಎಂದು ಇವರು ಊಹಿಸಿದರು.

ಈ ತೀರ್ಮಾನಗಳೆಲ್ಲ ಕಾಲದ ಪರೀಕ್ಷೆಯಲ್ಲಿ ನಿಂತವು. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ರೊಮಟೊಗ್ರಫಿ ವಿಧಾನದಿಂದ ಎಲೆಯ ಬಣ್ಣಗಳನ್ನು ಬೇರ್ಪಡಿಸಿದಾಗ ಹಸಿರು ದ್ರವ್ಯಗಳು ಎರಡಿರುವುದು ಕಣ್ಣಿಗೇ ಕಂಡಿತು. ಅವೇ ಇಂದಿನ ಪತ್ರಹರಿತ್ತು ಎ ಮತ್ತು ಬಿ. ಕಂದು ಪಾಚಿಗಳ ಮೂರನೆಯ ಹಸಿರು ದ್ರವ್ಯಕ್ಕೆ ಪತ್ರಹರಿತ್ತು ಸಿ ಎಂದು ಹೆಸರಾಯಿತು. ಕೆಂಪು ಪಾಚಿಗಳ ವರ್ಣದ್ರವ್ಯವಾದ ಫೈಕೊಎರಿತ್ರಿನ್ ಪ್ರೋಟೀನೇ ಆಗಿದೆ. ಪತ್ರಹರಿತ್ತು ಆಲ್ಕೋಹಾಲಿನಲ್ಲಿ ಕರಗಿದರೆ ಇದು ನೀರಿನಲ್ಲಿ ಕರಗುತ್ತದೆ, ಕಿತ್ತಳೆ ಹೊಳಪನ್ನು ತೋರುತ್ತದೆ.

ರಕ್ತದ ಬಣ್ಣ

1864ರಲ್ಲಿಯೇ ಸ್ಟೋಕ್ಸರು ರಕ್ತದ ವರ್ಣದ್ರವ್ಯವನ್ನೂ ರೋಹಿತದ ಮೂಲಕ ಪರೀಕ್ಷಿಸಿದರು. ಆಮ್ಲಜನಕವನ್ನು ಕಸಿದುಕೊಳ್ಳುವ ರಾಸಾಯನಿಕವನ್ನು ಬೆರೆಸಿದಾಗ ರೋಹಿತದ ಎರಡು ಕಪ್ಪು ಪಟ್ಟಿಗಳು ಅಳಿದು ಒಂದೇ ಅಗಲವಾದ ಪಟ್ಟಿ ಮೂಡಿತು. ಗಾಳಿಯೊಡನೆ ಕುಲುಕಿದಾಗ ಮೊದಲಿನ ಎರಡು ಪಟ್ಟಿಗಳು ಮರಳಿ ಬಂದವು. ರಕ್ತದ ವರ್ಣದ್ರವ್ಯವು ಆಮ್ಲಜನಕವನ್ನು ಪಡೆಯುವ ಮತ್ತು ಬಿಟ್ಟುಕೊಡುವ ಎರಡು ಸ್ಥಿತಿಗಳಲ್ಲಿ ಇರುತ್ತದೆ ಎಂಬುದಕ್ಕೆ ಇದು ಪುರಾವೆಯಾಯಿತು. ಉಸಿರಾಟದ ಶರೀರವಿಜ್ಞಾನದಲ್ಲಿ ಇದೊಂದು ಮುಖ್ಯ ಹೆಜ್ಜೆ.

ಪ್ರಕಟವಾಗದೆ ಉಳಿದ ವಿಚಾರಗಳು

ಸ್ಟೋಕ್ಸರ ಜೀವನದಲ್ಲಿ ಒಂದು ಕೊರತೆಯೂ ಎದ್ದು ಕಾಣುತ್ತದೆ. ಕಂಡುಕೊಂಡುದನ್ನು ಬರೆದು ಪ್ರಕಟಿಸುವುದರಲ್ಲಿ ಇವರು ಬಹಳ ಹಿಂಜರಿಯುತ್ತಿದ್ದರು. ಪತ್ರಹರಿತ್ತಿನ ನಾಲ್ಕು ದ್ರವ್ಯಗಳನ್ನು ಬೇರ್ಪಡಿಸಿದ ಕ್ರಮದ ಪೂರ್ಣ ವಿವರಗಳನ್ನು ಕೊನೆಗೂ ಪ್ರಕಟಿಸಲಿಲ್ಲ. ಇದರಿಂದ ಮುಂದಿನವರು ಬಹುಮಟ್ಟಿಗೆ ಮೊದಲಿನಿಂದಲೇ ದಾರಿ ಹುಡುಕಬೇಕಾಯಿತು.

ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪುಗೆರೆಗಳ ಕಾರಣವೂ ಇಂತಹದೇ ಒಂದು ಪ್ರಸಂಗ. ಅದನ್ನು 1859ರಲ್ಲಿ ಜರ್ಮನಿಯ ಗುಸ್ಟಾವ್ ಕಿರ್ಕಾಫ್ ಪ್ರಕಟಿಸಿದರು. ಅದಕ್ಕೆ ಹಲವು ವರ್ಷ ಮೊದಲೇ ಸ್ಟೋಕ್ಸರು ಮಾತುಕತೆಯಲ್ಲಿ ಇದನ್ನು ವಿವರಿಸಿದ್ದರೆಂದು ಅವರ ಆಪ್ತಮಿತ್ರರಾದ ವಿಲಿಯಂ ಥಾಮ್ಸನ್, ಅಂದರೆ ಲಾರ್ಡ್ ಕೆಲ್ವಿನ್, ಸಾರಿದರು. ಆದರೆ ಸ್ಟೋಕ್ಸರು ಅದರ ಕೀರ್ತಿಯನ್ನು ತಮಗೆ ಸೇರಬೇಕೆಂದು ಕೇಳಲಿಲ್ಲ. ಆ ಗೌರವ ಕಿರ್ಕಾಫ್ ಅವರಿಗೇ ಸಲ್ಲಬೇಕೆಂದರು.

ಸಾರ್ವಜನಿಕ ಸೇವೆ

1854ರಿಂದ 1885ರವರೆಗೆ ಸ್ಟೋಕ್ಸರು ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. 1885ರಿಂದ 1890ರವರೆಗೆ ಅಧ್ಯಕ್ಷರಾದರು. ಇತರರು ಕಳಿಸಿದ ಪ್ರಬಂಧಗಳನ್ನು ಓದಿ, ತಪ್ಪುಗಳನ್ನು ತಿದ್ದಿ, ಸಲಹೆಗಳನ್ನು ಬರೆದು ಕಳಿಸುವುದರಲ್ಲಿ ಮೂವತ್ತೊಂದು ವರ್ಷಗಳನ್ನು ಕಳೆದರು. ಈ ಕೆಲಸದಿಂದ ಅವರ ಸ್ವಂತ ಸಂಶೋಧನೆ ಹಿಂದೆಬಿತ್ತೆಂದು ಸಮಕಾಲೀನರಲ್ಲಿ ಹಲವರು ಮರುಗಿದರು. ಆದರೆ ಆ ತಲೆಮಾರಿನ ಎಷ್ಟೋ ಜನರ ಪ್ರಬಂಧಗಳು ಇವರ ಕೈಯಲ್ಲಿ ಪರಿಷ್ಕಾರಗೊಂಡವು ಎಂಬುದೂ ಅಷ್ಟೇ ನಿಜ.

ರೈಲುಸೇತುವೆಗಳ ಸುರಕ್ಷತೆಗೂ ಇವರು ಗಮನ ಕೊಟ್ಟರು. 1847ರಲ್ಲಿ ಡೀ ನದಿಯ ಸೇತುವೆ ಕುಸಿದ ನಂತರ, ಚಲಿಸುವ ಭಾರದಿಂದ ಸೇತುವೆ ಬಾಗುವ ಬಗೆಯನ್ನು ಗಣಿತದ ಮೂಲಕ ಪರಿಶೀಲಿಸಿದರು. 1879ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಗೆ ಮುರಿದು ರೈಲಿನೊಡನೆ ನದಿಗೆ ಬಿದ್ದಾಗ, ಗಾಳಿಯ ಒತ್ತಡದ ವಿಷಯದಲ್ಲಿ ವಿಚಾರಣೆಯ ಮುಂದೆ ಸಾಕ್ಷ್ಯ ನುಡಿದರು. 1887ರಿಂದ 1892ರವರೆಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಸಂಸತ್ತಿನ ಸದಸ್ಯರೂ ಆಗಿದ್ದರು.

ವೈಯಕ್ತಿಕ ಜೀವನ

1857ರಲ್ಲಿ ಸ್ಟೋಕ್ಸರು ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ಖಗೋಳವಿಜ್ಞಾನಿ ಥಾಮಸ್ ರಾಮ್ನಿ ರಾಬಿನ್ಸನ್ ಅವರ ಪುತ್ರಿ ಮೇರಿ ಸುಸಾನಾ ಅವರನ್ನು ವರಿಸಿದರು. ಮದುವೆಯಾದವರು ಫೆಲೋ ಆಗಿರಬಾರದೆಂಬ ಅಂದಿನ ಕಾಲೇಜು ನಿಯಮದಂತೆ ಆ ಸ್ಥಾನವನ್ನು ತ್ಯಜಿಸಬೇಕಾಯಿತು. ನಿಯಮ ಬದಲಾದ ಮೇಲೆ 1869ರಲ್ಲಿ ಅದು ಅವರಿಗೆ ಮರಳಿ ದೊರೆಯಿತು. ದಂಪತಿಗಳಿಗೆ ಐವರು ಮಕ್ಕಳು. ಹೆಣ್ಣುಮಕ್ಕಳಲ್ಲಿ ಇಬ್ಬರು ಶೈಶವದಲ್ಲಿಯೇ ತೀರಿಕೊಂಡರು. ವೈದ್ಯನಾಗಿದ್ದ ಮಗನೊಬ್ಬ ಮೂವತ್ತರ ಹರೆಯದಲ್ಲಿ ಅಗಲಿದನು. ಪತ್ನಿ 1899ರಲ್ಲಿ ನಿಧನರಾದರು. ಉಳಿದ ಮಗಳು ಇಸಬೆಲ್ಲಾ ತಂದೆಯ ನೆನಪುಗಳನ್ನು ಬರೆದಿಟ್ಟರು. ಮನೆಯ ಓಣಿಯ ಪ್ರಯೋಗಗಳ ವಿವರ ತಿಳಿದುಬರುವುದು ಆ ಬರಹದಿಂದಲೇ.

ಗೌರವಗಳು ಮತ್ತು ನಿಧನ

ಸ್ಟೋಕ್ಸರಿಗೆ 1889ರಲ್ಲಿ ಬ್ಯಾರನೆಟ್ ಪದವಿಯೂ, 1893ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವೂ ಸಂದವು. 1899ರಲ್ಲಿ ಪ್ರಾಧ್ಯಾಪಕತ್ವದ ಸುವರ್ಣ ಮಹೋತ್ಸವವನ್ನು ಕೇಂಬ್ರಿಡ್ಜ್ ಆಚರಿಸಿತು. 1902ರಲ್ಲಿ ಪೆಂಬ್ರೋಕ್ ಕಾಲೇಜಿನ ಮುಖ್ಯಸ್ಥರಾದರು. 1903ರ ಫೆಬ್ರವರಿ 1ರಂದು ಕೇಂಬ್ರಿಡ್ಜಿನಲ್ಲಿ ನಿಧನರಾದರು. ಅಲ್ಲಿನ ಮಿಲ್ ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ದ್ರವಗಳ ಸ್ನಿಗ್ಧತೆಯ ಒಂದು ಮಾನಕ್ಕೂ, ಚಂದ್ರ ಮತ್ತು ಮಂಗಳ ಗ್ರಹಗಳ ಮೇಲಿನ ಕುಳಿಗಳಿಗೂ ಇವರ ಹೆಸರಿಡಲಾಗಿದೆ. 1928ರಲ್ಲಿ ಶೋಧಿತವಾದ ರಾಮನ್ ಪರಿಣಾಮದಲ್ಲಿ ಮೂಲ ಬೆಳಕಿಗಿಂತ ಹೆಚ್ಚು ತರಂಗದೂರದ ಗೆರೆಗಳನ್ನು ಸ್ಟೋಕ್ಸ್ ಗೆರೆಗಳೆಂದೂ, ಕಡಿಮೆ ತರಂಗದೂರದವನ್ನು ಪ್ರತಿಸ್ಟೋಕ್ಸ್ ಗೆರೆಗಳೆಂದೂ ಕರೆಯುವುದು ರೂಢಿ. ಈ ಶೋಧವನ್ನು ಮಾಡಿದ ಸಿ. ವಿ. ರಾಮನ್ ಅವರು 1933ರಿಂದ ಬೆಂಗಳೂರಿನಲ್ಲಿ ನೆಲೆಸಿದ್ದರು.

ಸಾಗರ ಸಯನೋಬ್ಯಾಕ್ಟೀರಿಯಗಳ ಅಧ್ಯಯನದಲ್ಲಿ ಪ್ರತಿದೀಪ್ತಿ

ನೀಲಿ-ಹಸಿರು ಶೈವಲಗಳೆಂದೂ ಕರೆಯಲಾಗುವ ಸಯನೋಬ್ಯಾಕ್ಟೀರಿಯಗಳು ಬಿಸಿಲಿನಿಂದ ಆಹಾರವನ್ನು ತಯಾರಿಸಿಕೊಂಡು ಆಮ್ಲಜನಕವನ್ನು ಬಿಡುವ ಸೂಕ್ಷ್ಮಜೀವಿಗಳು. ತೆರೆದ ಸಾಗರದಲ್ಲಿ ಇವು ಎಷ್ಟು ಹೇರಳವಾಗಿವೆಯೆಂಬುದು ಸ್ಟೋಕ್ಸರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಸುಮಾರು ಒಂದು ಮೈಕ್ರೊಮೀಟರ್ ಗಾತ್ರದ ಸಿನೆಕೊಕಾಕಸ್ ಜೀವಿಗಳು ಸಾಗರದಲ್ಲಿ ವ್ಯಾಪಕವಾಗಿ ಇವೆಯೆಂದು 1979ರಲ್ಲಿ ಪ್ರಕಟವಾಯಿತು. ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕನ್ನು ಬೀರಿದಾಗ ಅವು ಕಿತ್ತಳೆ ಚುಕ್ಕೆಗಳಂತೆ ಹೊಳೆದವು. ಆ ಹೊಳಪು ಫೈಕೊಎರಿತ್ರಿನ್ನಿನದು. ಪತ್ರಹರಿತ್ತಿನಿಂದ ಬದುಕುವ ಇತರ ಶೈವಲಗಳು ಅದೇ ಬೆಳಕಿನಲ್ಲಿ ಕೆಂಪಾಗಿ ಕಾಣುತ್ತವೆ. ಹೀಗೆ ಬಣ್ಣವನ್ನು ನೋಡಿಯೇ ಎರಡು ಗುಂಪುಗಳನ್ನು ಬೇರ್ಪಡಿಸಬಹುದು.

ಫೈಕೊಎರಿತ್ರಿನ್ನಿನ ಹೊಳಪು ಸುಮಾರು 575 ನ್ಯಾನೊಮೀಟರ್ ತರಂಗದೂರದಲ್ಲಿಯೂ, ಫೈಕೊಸಯನಿನ್ನಿನದು 650ರ ಆಸುಪಾಸಿನಲ್ಲಿಯೂ, ಪತ್ರಹರಿತ್ತಿನದು 685ರ ಆಸುಪಾಸಿನಲ್ಲಿಯೂ ಹೆಚ್ಚಾಗಿರುತ್ತದೆ. ತಿಳಿಯಾದ ನೀಲಿ ಸಾಗರದ ಸಿನೆಕೊಕಾಕಸ್ ತಳಿಗಳಲ್ಲಿ ನೀಲಿ ಬೆಳಕನ್ನು ಹೀರುವ ಫೈಕೊಯುರೊಬಿಲಿನ್ ಎಂಬ ಅಂಶ ಹೆಚ್ಚಾಗಿದೆ. ಕರಾವಳಿಯ ಹಸಿರು ನೀರಿನ ತಳಿಗಳಲ್ಲಿ ಹಸಿರು ಬೆಳಕನ್ನು ಹೀರುವ ಫೈಕೊಎರಿತ್ರೊಬಿಲಿನ್ ಹೆಚ್ಚು. ನದಿಗಳು ಸೇರುವ ಕದಡಿದ ನೀರಿನಲ್ಲಿ ಫೈಕೊಸಯನಿನ್ ಪ್ರಧಾನವಾದ ತಳಿಗಳು ಕಂಡುಬರುತ್ತವೆ. ಯಾವ ಬಣ್ಣದ ಬೆಳಕನ್ನು ಬೀರಿದಾಗ ಕಿತ್ತಳೆ ಹೊಳಪು ಹೆಚ್ಚಾಗಿ ಬರುತ್ತದೆ ಎಂಬುದನ್ನು ಅಳೆದು ಈ ತಳಿಗಳ ವ್ಯತ್ಯಾಸವನ್ನು ತಿಳಿಯುತ್ತಾರೆ.

ಫ್ಲೋ ಸೈಟೊಮೀಟರ್ ಎಂಬ ಉಪಕರಣದಲ್ಲಿ ಸಾಗರದ ನೀರಿನ ಜೀವಕೋಶಗಳು ಒಂದರ ಹಿಂದೊಂದು ಲೇಸರ್ ಕಿರಣದ ಮುಂದೆ ಹಾದುಹೋಗುತ್ತವೆ. ಚದುರಿದ ಬೆಳಕಿನಿಂದ ಗಾತ್ರವೂ, ಪ್ರತಿದೀಪ್ತಿಯಿಂದ ವರ್ಣದ್ರವ್ಯವೂ ತಿಳಿಯುತ್ತವೆ. ಸಾಲೀ ಚಿಶೋಮ್, ರಾಬರ್ಟ್ ಓಲ್ಸನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಈ ಉಪಕರಣದಿಂದ ಬಹಳ ಮಂದವಾದ ಕೆಂಪು ಹೊಳಪಿನ, ಅತಿಚಿಕ್ಕ ಜೀವಿಗಳ ಗುಂಪನ್ನು ಕಂಡು 1988ರಲ್ಲಿ ಪ್ರಕಟಿಸಿದರು. ಪ್ರೊಕ್ಲೊರೊಕಾಕಸ್ ಎಂದು ಹೆಸರಾದ ಈ ಜೀವಿಯ ಗಾತ್ರ ಸುಮಾರು 0.6 ಮೈಕ್ರೊಮೀಟರ್. ಒಂದು ಮಿಲಿಲೀಟರ್ ಸಾಗರದ ನೀರಿನಲ್ಲಿ ಇದರ 1,00,000 ಕೋಶಗಳಿರುವುದುಂಟು. ಇದರಲ್ಲಿ ಡೈವಿನೈಲ್ ಪತ್ರಹರಿತ್ತು ಎಂಬ ವಿಶಿಷ್ಟ ವರ್ಣದ್ರವ್ಯವಿದೆ. ಹೊಳಪು ಅಷ್ಟು ಮಂದವಾಗಿದ್ದುದರಿಂದಲೇ ಇಂತಹ ಹೇರಳವಾದ ಜೀವಿ ಅಲ್ಲಿಯವರೆಗೆ ಕಣ್ಣಿಗೆ ಬೀಳದೆ ಉಳಿದಿತ್ತು.

ಈ ವಿಧಾನಕ್ಕೆ ಮಿತಿಗಳೂ ಉಂಟು. ಬೆಳಕು ಕಡಿಮೆಯಿರುವ ಆಳದಲ್ಲಿ ಅದೇ ಜೀವಿ ಹೆಚ್ಚು ವರ್ಣದ್ರವ್ಯವನ್ನು ಕೂಡಿಸಿಕೊಂಡು ಹೆಚ್ಚು ಹೊಳೆಯುತ್ತದೆ. ಪ್ರಖರ ಬಿಸಿಲಿರುವ ಮೇಲ್ಮೈಯಲ್ಲಿ ಮಂಕಾಗುತ್ತದೆ. ಬೇರೆ ಬೇರೆ ತಳಿಗಳು ಒಂದೇ ಬಗೆಯ ವರ್ಣದ್ರವ್ಯವನ್ನು ಹೊಂದಿರಬಹುದು. ಆದ್ದರಿಂದ ನಿಖರವಾದ ವರ್ಗೀಕರಣಕ್ಕೆ ಆನುವಂಶಿಕ ಪರೀಕ್ಷೆಯೂ ಬೇಕಾಗುತ್ತದೆ. ಆದರೂ ಹಡಗಿನ ಮೇಲೆ ನಿಂತು, ನೀರಿನ ಒಂದು ಸಣ್ಣ ಮಾದರಿಯಲ್ಲಿ ಯಾವ ಗುಂಪಿನ ಜೀವಿಗಳು ಎಷ್ಟಿವೆಯೆಂದು ಬೇಗನೆ ತಿಳಿಯಲು ಪ್ರತಿದೀಪ್ತಿಯೇ ಮುಖ್ಯ ಸಾಧನವಾಗಿ ಉಳಿದಿದೆ. ಸಾಗರದಲ್ಲಿ ನಡೆಯುವ ದ್ಯುತಿಸಂಶ್ಲೇಷಣೆಯ ಗಣನೀಯ ಪಾಲು ಈ ಎರಡು ಸೂಕ್ಷ್ಮಜೀವಿಗಳದೇ ಆಗಿರುವುದರಿಂದ, ಅವುಗಳ ಎಣಿಕೆ ಭೂಮಿಯ ಇಂಗಾಲದ ಲೆಕ್ಕಾಚಾರಕ್ಕೂ ಅಗತ್ಯವಾಗಿದೆ.